ಯಾವ ವಿಷ, ಹೆಸರು ಹೇಳು

ಪುಟ್ಟಿ, ದೀಪಾವಳಿ ಮುಗಿಸಿ ನೀನು ಬಸ್ಸು ಹತ್ತಿದ ಮರುದಿನ ನಿನ್ನ ಕೋಣೆ ಗುಡಿಸುತ್ತಿದ್ದೆ. ಕಿಟಕಿ ಗೂಡಿನಲ್ಲಿ ಒಂದು ಕಪ್ಪು ಡಬ್ಬಿ ಕೂತಿತ್ತು. ಸಂಜೆ ನೀನೇ ಫೋನ್ ಮಾಡಿದೆ. "ಅಜ್ಜಿ, ಅಲ್ಲಿ ನನ್ನ ಡಿಟಾಕ್ಸ್ ಡಬ್ಬಿ ಮರೆತು ಬಂದಿದೀನಿ, ಕೊರಿಯರ್ ಮಾಡಿಸು. 1,800 ರೂಪಾಯಿದು ಅದು!" ಏನದು ಅಂತ ಕೇಳಿದೆ. "ಬೈಂಡರ್ ಅಜ್ಜಿ. ಮೈಯೊಳಗಿನ ಟಾಕ್ಸಿನ್ ಎಲ್ಲಾ ಹಿಡ್ಕೊಂಡು ಹೊರಗೆ ಹಾಕುತ್ತೆ. ಆಮೇಲೆ ಸುಸ್ತೇ ಇರಲ್ಲ" ಅಂದೆ. ಯಾವ ಟಾಕ್ಸಿನ್ನೇ ಪುಟ್ಟಿ ಅಂದರೆ, "ಎಲ್ಲಾ!" ಅಂದವಳೇ ಮೀಟಿಂಗಿಗೆ ಓಡಿದೆ.

ಆ "ಎಲ್ಲಾ" ಅನ್ನೋ ಮಾತು ನನ್ನನ್ನು ರಾತ್ರಿಯಿಡೀ ಮಲಗಗೊಡಲಿಲ್ಲ. ಅದಕ್ಕೇ ಡಬ್ಬಿಯ ಬದಲು ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ "ಸರಿ ಅಜ್ಜಿ, ಸರಿ ಅಜ್ಜಿ" ಅಂದು ಇಟ್ಟುಬಿಡುತ್ತೀ. ನಿನ್ನ ಅಮ್ಮನೂ ನಿನ್ನ ವಯಸ್ಸಿನಲ್ಲಿ ಹೀಗೇ ಇದ್ದಳು. ಬುದ್ಧಿ ಚುರುಕು, ಕಾಲು ಅದಕ್ಕಿಂತ ಚುರುಕು.

ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನದನ್ನೆಲ್ಲ ಓದಿದೆ. ಇದ್ದಿಲು, ಬೆಂಟೊನೈಟ್ ಅನ್ನುವ ಜೇಡಿಮಣ್ಣು, ಜಿಯೊಲೈಟ್ ಅನ್ನುವ ಖನಿಜ, ಕ್ಲೋರೆಲ್ಲಾ ಅನ್ನುವ ಹಸಿರು ಪಾಚಿ. ಒಂದು ಕ್ಯಾಪ್ಸೂಲ್ ಬಿಚ್ಚಿ ಸ್ಟೀಲ್ ಲೋಟದ ನೀರಿಗೆ ಉದುರಿಸಿದೆ. ನೀರು ಕಣ್ಣೆದುರೇ ಮಸಿಯಾಯಿತು. ಬೆರಳಿಗೆ ಹತ್ತಿದ ಕಪ್ಪು ಎರಡು ಸಲ ಸೋಪು ಹಚ್ಚಿದರೂ ಉಗುರಿನ ಸಂದಿ ಬಿಡಲಿಲ್ಲ. ಆ ಕಪ್ಪು ನನಗೆ ಹಳೆಯ ಪರಿಚಯ. 35 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ನನ್ನ ಎಷ್ಟು ಬಿಳಿ ಸೀರೆಗಳ ಅಂಚಿಗೆ ಆ ಕಪ್ಪು ಅಂಟಿತ್ತೋ ಲೆಕ್ಕವಿಲ್ಲ. ಒಗೆದರೆ ಬೂದು ಬಣ್ಣವಾಗುತ್ತಿತ್ತು, ಬಿಳಿ ಮಾತ್ರ ಆಗುತ್ತಿರಲಿಲ್ಲ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ನಾಲ್ಕು ವರ್ಷದ ಹುಡುಗನೊಬ್ಬ ತಾತನ ಮೂರ್ಛೆರೋಗದ ಮಾತ್ರೆಗಳನ್ನು ಪೆಪ್ಪರ್‌ಮಿಂಟ್ ಅಂದುಕೊಂಡು ನುಂಗಿಬಿಟ್ಟಿದ್ದ. ತಾಯಿ ಎದೆಗವಚಿಕೊಂಡು ಓಡಿಬಂದಳು. ಡ್ಯೂಟಿ ಡಾಕ್ಟರು ಮಗುವಿನ ಮೈ ಮುಟ್ಟಿ ನೋಡುತ್ತಲೇ ಮೂರು ಪ್ರಶ್ನೆ ಕೇಳಿದರು. ಏನು ನುಂಗಿದ? ಎಷ್ಟು ನುಂಗಿದ? ಯಾವಾಗ ನುಂಗಿದ? ತಾತ ಜೇಬಿನಿಂದ ಮಾತ್ರೆ ಬಾಟಲಿ ತೆಗೆದು ಕೊಟ್ಟ. ಪುಣ್ಯಾತ್ಮ, ಹೊರಡುವ ಗಡಿಬಿಡಿಯಲ್ಲೂ ಅದನ್ನು ಮರೆತಿರಲಿಲ್ಲ. ಫಿನೋಬಾರ್ಬಿಟೋನ್. ಉಳಿದ ಮಾತ್ರೆ ಎಣಿಸಿದೆವು. ಮುಕ್ಕಾಲು ಗಂಟೆ ಆಗಿತ್ತು. ಆಗ ಡಾಕ್ಟರು ನನ್ನ ಕಡೆ ತಿರುಗಿ "ಸಿಸ್ಟರ್, ಚಾರ್ಕೋಲ್" ಅಂದರು. ಮಕ್ಕಳಿಗೆ ತೂಕದ ಕಿಲೋಗೆ ಒಂದು ಗ್ರಾಂ. ಅಳೆದು, ನೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಮೂಗಿನ ನಳಿಗೆಯಿಂದ ನಿಧಾನಕ್ಕೆ ಇಳಿಸಿದೆ. ನಳಿಗೆ ಹೊಟ್ಟೆಗೇ ಹೋಗಿದೆಯೇ ಅಂತ ಎರಡೆರಡು ಸಲ ನೋಡಿಕೊಂಡ ಮೇಲೆಯೇ ಇಳಿಸಿದ್ದು, ಯಾಕೆಂದರೆ ಆ ಕಪ್ಪು ನೀರು ಶ್ವಾಸಕೋಶಕ್ಕೆ ಹೋದರೆ ಅದೇ ಪ್ರಾಣ ತೆಗೆಯುತ್ತದೆ. ಮರುದಿನ ಸಂಜೆ ಹುಡುಗ ಕಪ್ಪು ತುಟಿಯಲ್ಲೇ ಬಿಸ್ಕತ್ತು ಕೇಳಿದ.

ಅದೇ ತಿಂಗಳು ಇನ್ನೊಂದು ಮಗು ಬಂತು. ಸೀಮೆಎಣ್ಣೆ ಕುಡಿದಿತ್ತು. ನಾನು ಅಭ್ಯಾಸಬಲದಿಂದ ಚಾರ್ಕೋಲ್ ಬಾಟಲಿಗೆ ಕೈ ಹಾಕಿದೆ. ಅದೇ ಡಾಕ್ಟರು ನನ್ನ ಕೈ ಹಿಡಿದು ನಿಲ್ಲಿಸಿದರು. "ಇದಕ್ಕೆ ಬೇಡ ಸಿಸ್ಟರ್. ಸೀಮೆಎಣ್ಣೆಯನ್ನು ಇದು ಹಿಡಿಯೋದಿಲ್ಲ. ವಾಂತಿಯಾದರೆ ಎಣ್ಣೆ, ಇದ್ದಿಲು ಎರಡೂ ಶ್ವಾಸಕೋಶಕ್ಕೆ ಹೋಗುತ್ತೆ" ಅಂದರು. ಅದೇ ಬಾಟಲಿ, ಅದೇ ವಾರ್ಡು. ಒಂದು ಮಗುವಿಗೆ ಜೀವ ಕೊಟ್ಟದ್ದು ಇನ್ನೊಂದಕ್ಕೆ ಕುತ್ತು ತರುತ್ತಿತ್ತು. ವ್ಯತ್ಯಾಸ ಇದ್ದದ್ದು ಒಂದೇ, ವಿಷದ ಹೆಸರಿನಲ್ಲಿ.

ನಿನಗೆ ಇದ್ದಿಲಿನ ಮೇಲೆ ಭರವಸೆ ಹುಟ್ಟಿದ್ದು ತಪ್ಪಲ್ಲವ್ವ. ಅದು ನಿಜಕ್ಕೂ ದೊಡ್ಡ ವಸ್ತು. ತೆಂಗಿನ ಚಿಪ್ಪನ್ನೋ ಮರವನ್ನೋ ಸುಟ್ಟು, ಮತ್ತೆ ಕಡುಬಿಸಿಯ ಹಬೆಯಲ್ಲಿ ಹದ ಮಾಡಿದರೆ ಅದರ ಮೈಯೆಲ್ಲ ಸೂಕ್ಷ್ಮ ರಂಧ್ರವಾಗುತ್ತದೆ. ಒಂದೇ ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹರಡಿದರೆ ಸಾವಿರ ಚದರ ಮೀಟರಿಗೂ ಮಿಕ್ಕುತ್ತದಂತೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಹೊಲ! ಅಷ್ಟು ಜಾಗದಲ್ಲಿ ವಿಷ ಅಂಟಿಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. 1831ರಲ್ಲಿ ಟೂಯೆರಿ ಅನ್ನುವ ಫ್ರೆಂಚ್ ಔಷಧಗಾರ ಪಂಡಿತರ ಸಭೆಯ ಎದುರು ಸ್ಟ್ರಿಕ್ನಿನ್ ವಿಷವನ್ನು ಇದ್ದಿಲಿನ ಜೊತೆ ನುಂಗಿ ಬದುಕಿ ತೋರಿಸಿದ ಅನ್ನುವ ಕಥೆಯನ್ನು ವೈದ್ಯರು ಈಗಲೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದ್ದಿಲು ಇದೆ. ಆದರೆ ಅದಕ್ಕೊಂದು ಹೊತ್ತಿದೆ, ಒಂದು ಅಳತೆಯಿದೆ. ವಿಷ ಹೊಟ್ಟೆಗೆ ಹೋದ ಸುಮಾರು ಒಂದು ಗಂಟೆಯೊಳಗೆ ಕೊಟ್ಟರೆ ಕೆಲಸ ಚೆನ್ನ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ ಬೇಕು. ನಿನ್ನ ಡಬ್ಬಿಯ ಒಂದು ಕ್ಯಾಪ್ಸೂಲಿನಲ್ಲಿ ಇದ್ದಿಲು 250 ಮಿಲಿಗ್ರಾಂ ಅಂತ ಬರೆದಿದೆ. ಅಂದರೆ ಆಸ್ಪತ್ರೆಯ ಒಂದು ಡೋಸಿಗೆ 200 ಕ್ಯಾಪ್ಸೂಲ್. ನೀನು ದಿನಕ್ಕೆ ಎರಡು ನುಂಗಿ ಒಳಗಿನದೆಲ್ಲ ಶುದ್ಧವಾಯಿತು ಅಂದುಕೊಳ್ಳುತ್ತಿದ್ದೀ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನೊಂದು. ಶನಿವಾರ ರಾತ್ರಿ ಪಾರ್ಟಿಯಾದ ಮೇಲೆ ಇದನ್ನು ನುಂಗಿದರೆ ಹ್ಯಾಂಗೋವರ್ ಇರಲ್ಲ ಅಂತ ನಿನ್ನ ರೂಮ್‌ಮೇಟ್ ಹೇಳಿದ್ದಳಲ್ಲ. ಮದ್ಯವನ್ನು ಇದ್ದಿಲು ಹಿಡಿಯುವುದೇ ಇಲ್ಲ. ಆಸಿಡ್, ಕಬ್ಬಿಣ, ಲಿಥಿಯಂ ಇವೂ ಅದರ ಕೈಗೆ ಸಿಗುವುದಿಲ್ಲ. ಆ ಹುಡುಗಿಗೂ ಹೇಳು.

ಹಿಡಿಯುವುದನ್ನಾದರೂ ಅದು ಆರಿಸಿ ಹಿಡಿಯುತ್ತದೆಯೇ? ಇಲ್ಲ. ಇದ್ದಿಲಿಗೆ ಕಣ್ಣಿಲ್ಲ. ಇದು ವಿಷ, ಇದು ಮದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಟೀಚರಮ್ಮ ಇದ್ದಾರೆ. ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಎಲ್ಲ ಸರಿಯಾಗಿತ್ತು. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಮೈ ಊದಿಕೊಂಡಿತು, ಕೂದಲು ಉದುರಿತು, ಮಧ್ಯಾಹ್ನ ಕ್ಲಾಸಿನಲ್ಲೇ ತೂಕಡಿಕೆ. ಟಿಎಸ್‌ಎಚ್ ನೋಡಿಸಿದರೆ ಏರಿಬಿಟ್ಟಿದೆ. ಡಾಕ್ಟರು ಡೋಸ್ ಹೆಚ್ಚಿಸಿದರು. ಆದರೂ ಇಳಿಯಲಿಲ್ಲ. ಒಂದು ದಿನ ನನ್ನ ಹತ್ತಿರ ಬಂದು ಕಷ್ಟ ಹೇಳಿಕೊಂಡರು. ಬೆಳಿಗ್ಗೆ ಎದ್ದು ಏನೇನು ತಗೊಳ್ತೀರಿ, ಒಂದೂ ಬಿಡದೆ ಹೇಳಿ ಅಂದೆ. "ಮಾತ್ರೆ ನುಂಗ್ತೀನಿ, ಅದರ ಹಿಂದೆನೇ ಮಗ ಕಳಿಸಿದ ಡಿಟಾಕ್ಸ್ ಪುಡಿ ಒಂದು ಚಮಚ" ಅಂದರು. ಮಾತ್ರೆ ಮುಂದೆ, ಅದನ್ನು ಹಿಡಿಯೋ ಪುಡಿ ಹಿಂದೆ! ಹಣ ಕೊಟ್ಟು ಮದ್ದು ನುಂಗಿ, ಮತ್ತೆ ಹಣ ಕೊಟ್ಟು ಅದನ್ನು ಹೊರಗೆ ಹಾಕುತ್ತಿದ್ದರು. ಪುಡಿ ನಿಲ್ಲಿಸಿ ಎರಡು ತಿಂಗಳಾದ ಮೇಲೆ ಟಿಎಸ್‌ಎಚ್ ತಾನಾಗಿ ದಾರಿಗೆ ಬಂತು. ಸುಸ್ತು ಹೋಗಲಿ ಅಂತ ತಗೊಂಡ ಪುಡಿಯೇ ಅವರಿಗೆ ಸುಸ್ತು ತಂದಿತ್ತು.

ಮದುವೆಯಾದ ನಿನ್ನ ಗೆಳತಿಯರಿಗೂ ಹೇಳಬೇಕಾದ ಮಾತು ಇದು, ನಾಚಿಕೆ ಬಿಟ್ಟು ಹೇಳುತ್ತೇನೆ. ಗರ್ಭನಿರೋಧಕ ಮಾತ್ರೆಯನ್ನೂ ಇದ್ದಿಲು ಹಿಡಿಯುತ್ತದೆ. ಮೂರ್ಛೆರೋಗದ ಮಾತ್ರೆಯನ್ನೂ ಹಿಡಿಯುತ್ತದೆ, ಹೃದಯದ ಡಿಗಾಕ್ಸಿನ್ನನ್ನೂ ಹಿಡಿಯುತ್ತದೆ. ನಿನ್ನ ಪಾಚಿಯ ಪುಡಿಯಲ್ಲಿ ಕೆ ವಿಟಮಿನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗೆ ಅದು ಆಗಿಬರುವುದಿಲ್ಲ. ಇವ್ಯಾವುದೂ ಡಬ್ಬಿಯ ಮುಂಭಾಗದಲ್ಲಿ ಇರಲಿಲ್ಲ. ಹಿಂಭಾಗದಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ "ಔಷಧ ಸೇವಿಸುವವರು ವೈದ್ಯರನ್ನು ಕೇಳಿ" ಅಂತಿತ್ತು, ಅಷ್ಟೇ.

ಹಾಗಾದರೆ ಬೈಂಡರ್ ಅನ್ನುವುದೇ ಸುಳ್ಳಾ ಅಜ್ಜಿ ಅಂತ ಕೇಳಬೇಡ. ಎಷ್ಟೋ ಜನ ಅದರಿಂದಲೇ ಬದುಕಿದ್ದಾರೆ. ಡಯಾಲಿಸಿಸ್‌ಗೆ ಹೋಗುವ ನಿನ್ನ ಚಿಕ್ಕತಾತ ಪ್ರತಿ ಊಟದ ತುತ್ತಿನ ಜೊತೆ ಒಂದು ಮಾತ್ರೆ ನುಂಗುತ್ತಾರಲ್ಲ, ಅದು ಬೈಂಡರೇ. ಕೆಟ್ಟ ಕಿಡ್ನಿ ಫಾಸ್ಫೇಟನ್ನು ಹೊರಗೆ ಹಾಕಲಾರದು, ಅದಕ್ಕೆ ಊಟದಲ್ಲೇ ಅದನ್ನು ಹಿಡಿದುಹಾಕಬೇಕು. ಊಟ ಮುಗಿಸಿ ಎರಡು ಗಂಟೆಯಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಪ್ರತಿ ತಿಂಗಳು ರಕ್ತ ತೆಗೆದು ಫಾಸ್ಫರಸ್ ಎಷ್ಟಿದೆ ಅಂತ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ಅಮೆರಿಕದ ವರ್ಜೀನಿಯಾದಲ್ಲಿ ಹೋಪ್‌ವೆಲ್ ಅನ್ನುವ ಊರಿದೆ. ಅಲ್ಲಿ ಕೆಪೋನ್ ಅನ್ನುವ ಕೀಟನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರಿಗೆ ಕೈಕಾಲು ನಡುಗುವ ಕಾಯಿಲೆ ಬಂತು. 1975ರಲ್ಲಿ ಕಾರ್ಖಾನೆ ಮುಚ್ಚಿತು. ವಿಷ ಮಾತ್ರ ಅವರ ಮೈ ಬಿಡಲಿಲ್ಲ, ಯಾಕೆಂದರೆ ಪಿತ್ತರಸದ ಜೊತೆ ಕರುಳಿಗೆ ಇಳಿದದ್ದನ್ನು ಕರುಳು ಮತ್ತೆ ಹೀರಿಕೊಳ್ಳುತ್ತಿತ್ತು. ಕೊಲೆಸ್ಟಿರಮೀನ್ ಅನ್ನುವ ಪುಡಿ ಕರುಳಿನಲ್ಲೇ ಅದನ್ನು ಅಡ್ಡಗಟ್ಟಿ ಹೊರಗೆ ಒಯ್ಯುತ್ತದೆ ಅಂತ 1978ರಲ್ಲಿ ವೈದ್ಯರು ತೋರಿಸಿಕೊಟ್ಟರು. ನಿನ್ನ ಡಬ್ಬಿ ಮಾರುವವರು ಹೇಳುವ ತತ್ವ ಇದೇ. ಆದರೆ ಆ ವೈದ್ಯರು ಕೆಲಸಗಾರರ ರಕ್ತದಲ್ಲಿ ಕೆಪೋನ್ ಎಷ್ಟಿದೆ, ಮಲದಲ್ಲಿ ಎಷ್ಟು ಹೋಯಿತು ಅಂತ ಅಳೆದು ನೋಡಿದ್ದರು. ನಿನ್ನದನ್ನು ಯಾರು ಅಳೆದರು?

ಬ್ರೆಜಿಲ್ ದೇಶದ ಗೋಯಾನಿಯಾ ಊರಿನ ಕಥೆ ಕೇಳಿದರೆ ನಿನಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1987ರಲ್ಲಿ ಅಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಭಾಗವೊಂದು ಗುಜರಿಗೆ ಹೋಯಿತು. ಒಡೆದಾಗ ಒಳಗಿನ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಜನ ಅದನ್ನು ಮೈಗೆ ಹಚ್ಚಿಕೊಂಡರು, ಮನೆಗೆ ಒಯ್ದರು. ನಾಲ್ಕು ಜೀವ ಹೋಯಿತು. ಪ್ರಷ್ಯನ್ ಬ್ಲೂ ಅಂತ ಒಂದು ಬಣ್ಣ ಇದೆ, ಚಿತ್ರ ಬರೆಯುವವರು ಬಳಸುವ ಕಡುನೀಲಿ. ಅದು ಕರುಳಿನಲ್ಲಿ ಸೀಸಿಯಮ್ಮನ್ನು ಹಿಡಿಯುತ್ತದೆ. ಅಲ್ಲಿ 46 ಜನರಿಗೆ ಅದನ್ನು ಕೊಟ್ಟು ಚಿಕಿತ್ಸೆ ಮಾಡಿದರು. ಸೀಸಿಯಮ್ಮಿಗೆ ಪ್ರಷ್ಯನ್ ಬ್ಲೂ, ಫಾಸ್ಫೇಟಿಗೆ ಚಿಕ್ಕತಾತನ ಮಾತ್ರೆ, ಕೆಪೋನ್‌ಗೆ ಕೊಲೆಸ್ಟಿರಮೀನ್. ಬೀಗಕ್ಕೆ ತಕ್ಕ ಕೀಲಿ. "ಎಲ್ಲಾ" ಅನ್ನುವ ಬೀಗಕ್ಕೆ ಕೀಲಿ ಮಾಡಿದವರನ್ನು ನಾನು 35 ವರ್ಷದಲ್ಲಿ ಕಾಣಲಿಲ್ಲ.

ನಿನ್ನ ಡಬ್ಬಿಯ ಜೇಡಿಮಣ್ಣಿನ ವಿಚಾರ ನನಗಿಂತ ನಿನ್ನ ಸೋದರಮಾವನಿಗೆ ಚೆನ್ನಾಗಿ ಗೊತ್ತು. ಕೋಳಿ ಫಾರಂನವನಲ್ಲವೇ! ಅವನ ಶೆಡ್ಡಿನ ಮೂಲೆಯಲ್ಲಿ "ಟಾಕ್ಸಿನ್ ಬೈಂಡರ್" ಅಂತ ಬರೆದ ಚೀಲ ಇರುತ್ತದೆ, ನೀನೂ ಅದರ ಮೇಲೆ ಕೂತು ಮೊಬೈಲ್ ನೋಡಿದ್ದೀ. ಮಳೆಗಾಲದಲ್ಲಿ ಬಂದ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಕೋಳಿಯ ಲಿವರನ್ನು ತಿನ್ನುತ್ತದೆ. ಆ ಜೇಡಿಮಣ್ಣು ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿಯೇ ಹಿಡಿಯುತ್ತದೆ. ಬೂಷ್ಟಿನ ಬೇರೆ ಎಷ್ಟೋ ವಿಷಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಮಾವನನ್ನು ಕೇಳು, ಚೀಲ ತಂದ ಮಾತ್ರಕ್ಕೆ ಅವನು ಬೂಷ್ಟು ಜೋಳ ಕೊಳ್ಳುತ್ತಾನೆಯೇ ಅಂತ. ಲಾರಿ ಬಂದರೆ ಮೊದಲು ಚೀಲದ ಹೊಟ್ಟೆಗೆ ಕೈ ತೂರಿಸುತ್ತಾನೆ, ಬಿಸಿ ಇದೆಯಾ ನೋಡುತ್ತಾನೆ. ಒಂದು ಕಾಳು ಹಲ್ಲಿಗಿಟ್ಟು ಕಡಿಯುತ್ತಾನೆ. ಕಟ್ ಅಂದರೆ ಸರಿ, ಮೆತ್ತಗೆ ಒತ್ತಿದರೆ ಲಾರಿ ವಾಪಸ್. ಆಮೇಲೆ ಮೀಟರ್ ಹಾಕಿ ತೇವ 14ಕ್ಕಿಂತ ಕೆಳಗಿದೆಯಾ ನೋಡುತ್ತಾನೆ. ಕೋಳಿಗೇ ಇಷ್ಟು ವಿಚಾರಣೆ.

ಈ ವಿಷ ಮನುಷ್ಯರಿಗೆ ಬಂದದ್ದೂ ನಮ್ಮ ದೇಶದಲ್ಲೇ. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ, ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಮೆಕ್ಕೆಜೋಳವನ್ನು ಬಡವರು ಬೇರೆ ಗತಿಯಿಲ್ಲದೆ ತಿಂದರು. ಕಾಮಾಲೆ, ಹೊಟ್ಟೆ ಊತ. 397 ಜನ ಮಲಗಿದರು, 106 ಜನ ಸತ್ತರು. ಅದೇ ಜೋಳ ತಿಂದ ನಾಯಿಗಳೂ ಸತ್ತವು. ನಮ್ಮ ಅತ್ತೆ ಶೇಂಗಾ ಆರಿಸುವಾಗ ಸುಕ್ಕಿದ, ಹಸಿರು ಹಿಡಿದ ಒಂದು ಬೀಜ ಕಂಡರೂ ತಿಪ್ಪೆಗೆ ಎಸೆಯುತ್ತಿದ್ದರು. "ಹುರಿದರೂ ಹೋಗಲ್ಲ ಅದು" ಅನ್ನುತ್ತಿದ್ದರು. ನಿಜ, ಬೇಯಿಸಿದರೂ ಹುರಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ನಿನ್ನ ಪೀಜಿ ರೂಮಿನ ಶೆಲ್ಫಿನಲ್ಲಿ ಬಾಯಿ ತೆರೆದೇ ಬಿದ್ದಿರುವ ಶೇಂಗಾ ಪ್ಯಾಕೆಟ್ಟನ್ನು ಮೂಸಿ ನೋಡು, ಕಮಟು ಹತ್ತಿದ್ದರೆ ಎಸೆ. ವಿಷವನ್ನು ಬಾಗಿಲಲ್ಲೇ ತಡೆದರೆ ಒಳಗೆ ಹಿಡಿಯುವ ಕೆಲಸವೇ ಇಲ್ಲ.

ಭಾರಲೋಹದ ಮಾತೂ ಡಬ್ಬಿಯ ಮೇಲೆ ಇತ್ತು. ಸೀಸ ಮೈಯಲ್ಲಿ ಸೇರುವುದು ಕಟ್ಟುಕಥೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಸೀಸದ ಬೆನ್ನು ಹತ್ತಿ ಆಯುಷ್ಯ ಸವೆಸಿದವರು. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಅಳೆದು ತೋರಿಸಿದರು. 2000ದಿಂದ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ನಿಂತಿತು, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಆಮೇಲೆ ಕಾನೂನು ಬಂತು. ಇಷ್ಟು ದೊಡ್ಡ ಕೆಲಸ ಆದದ್ದು ಸೀಸ ಬರುವ ದಾರಿ ಮುಚ್ಚಿದ್ದರಿಂದ. ಜನರಿಗೆಲ್ಲ ಕ್ಯಾಪ್ಸೂಲ್ ಹಂಚಿ ಅಲ್ಲ. ನಿನಗೆ ಅನುಮಾನ ಇದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬಹುದು. ಹೆಚ್ಚಿದ್ದರೆ ಎಲ್ಲಿಂದ ಬಂತು ಅಂತ ಹುಡುಕುತ್ತಾರೆ. ಅದನ್ನು ರಕ್ತದಿಂದ ಎಳೆದು ತೆಗೆಯುವ ಚೀಲೇಷನ್ ಮದ್ದನ್ನು ಮಕ್ಕಳಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ತಲುಪಿದ ಮೇಲೆ ಯೋಚಿಸುತ್ತಾರೆ, ಅದೂ ವೈದ್ಯರ ಕಣ್ಣೆದುರಲ್ಲಿ. ಯಾಕೆ ಅಷ್ಟು ಹೆದರಿಕೆ ಅನ್ನುತ್ತೀಯಾ? 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಮಗುವಿಗೆ ಸೀಸದ ಕಾಯಿಲೆಗಲ್ಲ, ಆಟಿಸಂಗೆ ಅಂತ ಇಂಥ ಮದ್ದು ಕೊಟ್ಟರು. ಅದು ರಕ್ತದ ಕ್ಯಾಲ್ಸಿಯಮ್ಮನ್ನೇ ಎಳೆದುಕೊಂಡಿತು. ಮಗುವಿನ ಹೃದಯ ನಿಂತಿತು.

ಜೇಡಿಮಣ್ಣಿನಲ್ಲೇ ಸೀಸ ಇದ್ದರೆ? 2016ರಲ್ಲಿ ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಒಂದು ಬೆಂಟೊನೈಟ್ ಪುಡಿಯಲ್ಲಿ ಸೀಸ ಮಿತಿಮೀರಿದೆ, ಬಳಸಬೇಡಿ ಅಂತ ಜನರನ್ನು ಎಚ್ಚರಿಸಿತು. ಮಣ್ಣು ಭೂಮಿಯಿಂದ ಬಂದದ್ದು, ಭೂಮಿಯಲ್ಲಿದ್ದದ್ದೆಲ್ಲ ಅದರಲ್ಲಿರುತ್ತದೆ. ಬಸುರಿಯರು ಬಯಕೆಗೆ ಒಲೆಮಣ್ಣು, ಬಳಪ ತಿನ್ನುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಕಂಡಿದ್ದೇನೆ. ಬೈಯುತ್ತಿರಲಿಲ್ಲ, ಮೊದಲು ರಕ್ತ ತೆಗೆಯುತ್ತಿದ್ದೆ. ಹೆಚ್ಚಿನವರಿಗೆ ಹಿಮೋಗ್ಲೋಬಿನ್ ಕಡಿಮೆ. ಮಣ್ಣಿನಾಸೆ ರಕ್ತ ಕಡಿಮೆಯಾದದ್ದರ ಗುರುತು. ತಿಂದ ಮಣ್ಣು ಊಟದ ಕಬ್ಬಿಣವನ್ನೂ ಹಿಡಿದುಕೊಂಡು ಇದ್ದ ರಕ್ತವನ್ನೂ ಕುಗ್ಗಿಸಬಲ್ಲದು. ನೀನು ಅದೇ ಮಣ್ಣನ್ನು ಕ್ಯಾಪ್ಸೂಲಿನಲ್ಲಿ ನುಂಗುತ್ತಿದ್ದೀ ಪುಟ್ಟಿ.

ಈಗ ನಿನ್ನ ಸುಸ್ತಿನ ಮಾತು. ಇಡೀ ಕಾಗದ ಬರೆದದ್ದೇ ಅದಕ್ಕೆ.

ಹಬ್ಬದ ಬೆಳಿಗ್ಗೆ ಎಣ್ಣೆ ಹಚ್ಚುವಾಗ ನಿನ್ನ ಕೆಳರೆಪ್ಪೆ ಎಳೆದು ನೋಡಿದೆನಲ್ಲ, ನೀನು "ಏನಜ್ಜಿ, ಇನ್ನೂ ಡ್ಯೂಟಿನಾ" ಅಂತ ನಕ್ಕೆ. ಒಳಗೆ ಕೆಂಪಿರಬೇಕಾದ ಜಾಗ ಹಾಲಿನ ಕೆನೆಯ ಹಾಗೆ ಬಿಳಿಚಿಕೊಂಡಿತ್ತು. ಅಟ್ಟದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟೆ. 26 ವರ್ಷಕ್ಕೆ ಹನ್ನೆರಡು ಮೆಟ್ಟಿಲು ಭಾರವಾಗಬಾರದು. ತಿಂಗಳ ಮುಟ್ಟು ಏಳು ದಿನ ಹೋಗುತ್ತದೆ ಅಂತ ನೀನೇ ಅಮ್ಮನ ಹತ್ತಿರ ಹೇಳಿದ್ದು ಕೇಳಿಸಿಕೊಂಡೆ. ಬೆಳಿಗ್ಗೆ ತಿಂಡಿ ಇಲ್ಲ, ಬರೀ ಕಾಫಿ. ಹನ್ನೊಂದಕ್ಕೆ ಕಾಫಿ, ನಾಲ್ಕಕ್ಕೆ ಟೀ, ರಾತ್ರಿ ಅಮೆರಿಕದವರ ಜೊತೆ ಕಾಲ್ ಮುಗಿಸಿ ಎರಡು ಗಂಟೆಗೆ ಮಲಗುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ, ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ದೇಶದ ಲೆಕ್ಕ ಶೇ 57. ನಿನ್ನ ಆಫೀಸಿನ ಸಾಲಿನಲ್ಲಿ ಕೂತ ಹುಡುಗಿಯರನ್ನು ಎಣಿಸು, ಒಬ್ಬಳನ್ನು ಬಿಟ್ಟು ಒಬ್ಬಳು. ಅವರಲ್ಲಿ ಎಷ್ಟು ಜನ ಟಾಕ್ಸಿನ್ ಅಂದುಕೊಂಡು ಕಪ್ಪು ಡಬ್ಬಿ ಕೊಳ್ಳುತ್ತಿದ್ದಾರೋ! ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ. ವೈರಿ ಎದುರಿಗೇ ನಿಂತಿದ್ದಾನೆ, ನೀವು ಗಾಳಿ ಗುದ್ದುತ್ತಿದ್ದೀರಿ.

"ಇಲ್ಲ ಅಜ್ಜಿ, ಹತ್ತು ದಿನ ತಗೊಂಡೆ, ನಿಜವಾಗಲೂ ಹಗುರ ಅನ್ನಿಸಿತು" ಅಂದೆಯಲ್ಲ. ನಂಬುತ್ತೇನೆ. ಆ ಹತ್ತು ದಿನ ಇನ್ನೇನು ಮಾಡಿದೆ ಅಂತ ನೆನಪು ಮಾಡಿಕೋ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿದ್ದ ಹಾಗೆ ಬೇಕರಿ ತಿಂಡಿ ಬಿಟ್ಟೆ, ಕಾಫಿ ಬಿಟ್ಟೆ, ನೀರು ಕುಡಿದೆ, ಹತ್ತು ಗಂಟೆಗೆ ಮಲಗಿದೆ. ದುಡಿದದ್ದು ನಿದ್ದೆ, ಹೆಸರು ಬಂದದ್ದು ಕ್ಯಾಪ್ಸೂಲಿಗೆ. ಎರಡನೇ ದಿನ ತಲೆ ಸಿಡಿಯಿತು, "ಟಾಕ್ಸಿನ್ ಹೊರಗೆ ಹೋಗ್ತಿದೆ" ಅಂತ ಖುಷಿಪಟ್ಟೆ. ಅದು ಕಾಫಿ ಬಿಟ್ಟವರಿಗೆ ಬರುವ ತಲೆನೋವು ಮಗಳೇ. ಬಿಟ್ಟ ಒಂದೆರಡು ದಿನದೊಳಗೆ ಜೋರಾಗಿ, ವಾರದಲ್ಲಿ ತಾನೇ ಇಳಿಯುತ್ತದೆ. ಹೊಟ್ಟೆ ಕಟ್ಟಿಕೊಂಡದ್ದು ಮಾತ್ರ ಇದ್ದಿಲಿನ ಕೆಲಸ. ಮಲ ಕಪ್ಪಾದದ್ದೂ ಅದರದ್ದೇ. ಅದರಲ್ಲೂ ಒಂದು ಅಪಾಯ ಇದೆ. ಕರುಳಿನಲ್ಲಿ ರಕ್ತ ಒಸರಿದರೂ ಮಲ ಡಾಂಬರಿನ ಹಾಗೆ ಕಪ್ಪಾಗುತ್ತದೆ. ನಾವು ನರ್ಸುಗಳು ಅದನ್ನು ಕಂಡೊಡನೆ ಡಾಕ್ಟರ ಹತ್ತಿರ ಓಡುತ್ತಿದ್ದೆವು. ನೀನು ಇದ್ದಿಲು ನುಂಗುತ್ತಿದ್ದರೆ ಆ ಗುರುತೇ ಅಳಿಸಿಹೋಗುತ್ತದೆ.

ಮೈ ಶುದ್ಧಮಾಡುವ ಕೆಲಸ ನಿನ್ನೊಳಗೆ ಹಗಲೂ ರಾತ್ರಿ ನಡೆದೇ ಇದೆ. ಕಿಡ್ನಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತದೆ, ಬೇಕಾದದ್ದನ್ನೆಲ್ಲ ವಾಪಸ್ ತಗೊಂಡು ಒಂದೂವರೆ ಲೀಟರ್ ಹೊರಗೆ ಬಿಡುತ್ತದೆ. ಲಿವರ್ ಒಂದೊಂದು ವಿಷವನ್ನೂ ಬೇರೆ ರೂಪಕ್ಕೆ ತಿರುಗಿಸಿ ಪಿತ್ತರಸಕ್ಕೋ ಮೂತ್ರಕ್ಕೋ ಕಳಿಸುತ್ತದೆ. ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಒಯ್ಯುವ ಬೈಂಡರೂ ನಮ್ಮ ಅಡುಗೆಮನೆಯಲ್ಲೇ ಇದೆ. ಸೊಪ್ಪು, ಕಾಳು, ಮೆಂತ್ಯ, ಸಿರಿಧಾನ್ಯದ ನಾರು. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ನಿನ್ನ ಪೀಜಿಯ ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಮುದ್ದೆ ನುಂಗಲು ನಿನಗೆ ನಾಚಿಕೆಯಾದರೆ ರಾಗಿರೊಟ್ಟಿ ತಿನ್ನು.

ಇನ್ನು ನಾನು ಹೇಳಿದ ಹಾಗೆ ಮಾಡು. ಈ ಶನಿವಾರ ರಜೆ, ಬೆಳಿಗ್ಗೆ ಲ್ಯಾಬಿಗೆ ಹೋಗು. ಸಿಬಿಸಿ, ಫೆರಿಟಿನ್, ಟಿಎಸ್‌ಎಚ್, ಬಿ12, ಖಾಲಿ ಹೊಟ್ಟೆಯ ಶುಗರ್. ಚೀಟಿ ಹಿಡಿದು ಒಬ್ಬ ಫಿಸಿಷಿಯನ್ ಹತ್ತಿರ ಕೂತು ಮುಟ್ಟಿನ ವಿಷಯವನ್ನೂ ಬಾಯಿಬಿಟ್ಟು ಹೇಳು. ಏನು, ಎಷ್ಟು, ಯಾವಾಗಿನಿಂದ ಅನ್ನುವ ಮೂರಕ್ಕೂ ಉತ್ತರ ಸಿದ್ಧ ಇಟ್ಟುಕೊಂಡಿರು. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಟೀ ಕಾಫಿಯ ಜೊತೆ ನುಂಗಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ಶರಬತ್ತಿನ ಜೊತೆ ತಗೋ. ಹೊಟ್ಟೆ ತೊಳಸಿದರೆ ಮಾತ್ರೆ ಬಿಡಬೇಡ, ಡಾಕ್ಟರಿಗೆ ಹೇಳಿ ಬದಲಾಯಿಸಿಕೋ. ಹಿಮೋಗ್ಲೋಬಿನ್ ಏರಿದ ಮೇಲೂ ಅವರು ಹೇಳಿದಷ್ಟು ತಿಂಗಳು ನುಂಗು, ಅರ್ಧಕ್ಕೆ ನಿಲ್ಲಿಸಬೇಡ. ಅದು ನಿನ್ನ ಹುಟ್ಟುಗುಣ, ನನಗೆ ಗೊತ್ತು. ಮನೆಯಲ್ಲಿ ಯಾರಾದರೂ ನಿಜವಾಗಿ ವಿಷ ನುಂಗಿದರೆ ಕ್ಯಾಪ್ಸೂಲ್ ಹುಡುಕಬೇಡ, ವಾಂತಿ ಮಾಡಿಸಬೇಡ. 108ಕ್ಕೆ ಫೋನ್ ಮಾಡು, ನುಂಗಿದ್ದರ ಬಾಟಲಿ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗು.

ಡಬ್ಬಿ ನನ್ನ ಕಪಾಟಿನಲ್ಲೇ ಇರಲಿ. 1,800 ರೂಪಾಯಿ ಹೋಯಿತಲ್ಲಾ ಅಂತ ಕೊರಗಬೇಡ, ಲ್ಯಾಬಿನ ದುಡ್ಡು ನಾನು ಕಳಿಸುತ್ತೇನೆ. ರಿಪೋರ್ಟ್ ಬಂದ ಸಂಜೆ ಫೋನ್ ಮಾಡು. ಊಟ ಆಯ್ತಾ ಅಜ್ಜಿ ಅಂತ ಕೇಳುವ ಮೊದಲು, ಹಿಮೋಗ್ಲೋಬಿನ್ ಎಷ್ಟು ಅಂತ ಹೇಳು.